'ಗಂಟೆಗೆ ಎಷ್ಟು?' ಎನ್ನುವ ಮೊದಲು

ಕೊನೆಗಾಲದ ಆಪ್ತಸಮಾಲೋಚನೆಗೆ, ಅಂದರೆ ಸಾವು ಹತ್ತಿರವಾದಾಗ ಏನು ಮಾಡಬೇಕೆಂದು ರೋಗಿ, ಮನೆಯವರ ಜೊತೆ ಕೂತು ಮಾತಾಡುವುದಕ್ಕೆ, ಫೋನ್ ಮಾಡುವವರ ಮೊದಲ ಪ್ರಶ್ನೆ ಬಹುತೇಕ ಒಂದೇ: 'ಗಂಟೆಗೆ ಎಷ್ಟು?' ಅವರ ಮನೆಯಲ್ಲಿ ಸಾವು ಹೊಸ್ತಿಲಲ್ಲಿ ನಿಂತಿರುತ್ತದೆ, ರೇಗಲು ಮನಸ್ಸು ಬರುವುದಿಲ್ಲ. ಆದರೆ ಅಗ್ಗದ ಗಂಟೆ ಹುಡುಕಿ ಒಟ್ಟು ಎರಡರಷ್ಟು ಕಟ್ಟುವುದು ಈ ಪ್ರಶ್ನೆಯಿಂದಲೇ.

ಬಿಲ್ಲು ಉಬ್ಬುವುದು ದರದಿಂದಲ್ಲ, ಸೆಷನ್‌ಗಳ ಸಂಖ್ಯೆಯಿಂದ. ಒಂದು ಸೆಷನ್ 50 ನಿಮಿಷ ಎಂದಿಟ್ಟುಕೊಳ್ಳಿ. ಹೆಂಡತಿ, ಮೂವರು ಮಕ್ಕಳು ಬೇರೆ ಬೇರೆಯಾಗಿ ಬಂದರೆ 200 ನಿಮಿಷ. ನಾಲ್ವರೂ ತಮಗೆ ಬೇಕಾದಷ್ಟನ್ನೇ ಕೇಳಿಸಿಕೊಂಡು ಹೋಗಿರುತ್ತಾರೆ, ಅದನ್ನು ಹೊಂದಿಸಲು ಐದನೆಯ ಸೆಷನ್. ಅದೇ ನಾಲ್ವರೂ ಒಟ್ಟಿಗೆ 90 ನಿಮಿಷ ಕೂತರೆ ಹೆಚ್ಚಿನ ಮನೆಗಳಲ್ಲಿ ಕೆಲಸ ಮುಗಿಯುತ್ತದೆ. ದೂರದ ಮಗ ಸ್ಪೀಕರ್ ಫೋನಿನಲ್ಲಿದ್ದರೂ ಆದೀತು. 'ಎಲ್ಲರೂ' ಎಂದರೆ ನೆಂಟರಿಷ್ಟರೆಲ್ಲ ಅಲ್ಲ. ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕುವವರು, ಹಣ ಹೊಂದಿಸುವವರು, ರಾತ್ರಿ ಪಕ್ಕದಲ್ಲಿ ಮಲಗುವವರು, ಇಷ್ಟೇ. ಒಬ್ಬರು ತಪ್ಪಿದರೂ ಮಾತು ಮತ್ತೆ ಮೊದಲಿನಿಂದ. ತಪ್ಪುವುದು ಸಾಮಾನ್ಯವಾಗಿ ರಾತ್ರಿ ಮಲಗುವವರೇ. ರೋಗಿ ಯಾವ ಹೊತ್ತಿಗೆ ಏನು ಗೊಣಗುತ್ತಾರೆ ಎಂಬುದು ಗೊತ್ತಿರುವುದೂ ಅವರಿಗೇ. ರೋಗಿ ಮಾತಾಡುವ ಸ್ಥಿತಿಯಲ್ಲಿದ್ದರೆ ಮೊದಲ ಕುರ್ಚಿ ಅವರದು, ಬಿಡಿಸಿ ಹೇಳಬೇಕಿಲ್ಲ.

ಎದ್ದು ಹೋಗುವಾಗ ಕೈಯಲ್ಲಿ ಒಂದು ಪುಟವಿರಬೇಕು: ಹೃದಯ ನಿಂತರೆ ಎದೆ ಒತ್ತುವುದೇ, ಬೇಡವೇ? ವೆಂಟಿಲೇಟರ್? ಮೂಗಿನ ನಳಿಕೆಯಲ್ಲಿ ಆಹಾರ? ಮನೆಯೋ, ಆಸ್ಪತ್ರೆಯೋ? ನಡುರಾತ್ರಿ ಉಸಿರು ಕಟ್ಟಿದರೆ ಯಾರಿಗೆ ಫೋನ್? ಸಮಾಲೋಚಕರು ಬರೆದ ಮಾತ್ರಕ್ಕೆ ಇದು ವೈದ್ಯಕೀಯ ಆದೇಶವಾಗದು. ಚಿಕಿತ್ಸೆ ಕೊಡುವ ವೈದ್ಯರು ಒಪ್ಪಿ ಕೇಸ್ ಶೀಟಿಗೆ ಸೇರಿಸಬೇಕು, ಆಯಾ ದೇಶದ ಕಾನೂನು ಕೇಳುವ ನಮೂನೆಯೂ ಬೇರೆ ಬೇಕಾಗಬಹುದು.

ದರ ಕೇಳುವುದಾದರೆ ಪೂರ್ತಿ ಕೇಳಿ. ಕಡತ ಓದುವ ಸಮಯ, ಪ್ರಯಾಣ, ರಜಾದಿನ, ರಾತ್ರಿಯ ಕರೆ, ಟಿಪ್ಪಣಿ ಬರೆಯುವುದು, ಯಾವುದಕ್ಕೆ ಬೇರೆ ಬಿಲ್ಲು? 24 ಗಂಟೆ ಮೊದಲು ತಿಳಿಸದೆ ರದ್ದುಮಾಡಿದರೆ ಪೂರ್ತಿ ಶುಲ್ಕ ಎಂಬ ನಿಯಮವಿದೆಯೇ ಎಂದು ಕೇಳುವುದನ್ನಂತೂ ಬಿಡಬೇಡಿ. ಸಾಯುವವರು 24 ಗಂಟೆ ಮೊದಲು ತಿಳಿಸುವುದಿಲ್ಲ. ಸಾವಿನಿಂದ ರದ್ದಾದರೆ ಶುಲ್ಕವಿಲ್ಲ ಎಂಬ ವಿನಾಯಿತಿ ಬರಹದಲ್ಲಿರಲಿ.

ಇನ್ನೊಂದು ದುಂದು, ಕೊನೆಯ ಎರಡು ದಿನಗಳಲ್ಲಿ ಗಾಬರಿಯಿಂದ ಸಮಾಲೋಚಕರನ್ನು ಕರೆಸುವುದು. ಉಸಿರು ನಿಂತು ನಿಂತು ಬರುತ್ತದೆ, ಗಂಟಲಲ್ಲಿ ಗೊರಗೊರ ಸದ್ದು, ರೋಗಿಗೆ ಎಚ್ಚರವಿಲ್ಲ. ಆ ಹೊತ್ತಿಗೆ ಬೇಕಾದದ್ದು ಪಕ್ಕದಲ್ಲಿ ಕೂತು ಇದೇನೆಂದು ಹತ್ತು ನಿಮಿಷ ವಿವರಿಸುವ ಉಪಶಮನ ಆರೈಕೆಯ (ನೋವು, ಸಂಕಟ ತಗ್ಗಿಸುವ ಆರೈಕೆ) ನರ್ಸ್. ಆ ತಂಡ ಈಗಾಗಲೇ ನೋಡಿಕೊಳ್ಳುತ್ತಿದ್ದರೆ ಮನೆಯವರ ಸಮಾಲೋಚನೆಯೂ ಅದರಲ್ಲೇ ಸೇರಿರಬಹುದು, ಮೊದಲು ಅಲ್ಲಿ ವಿಚಾರಿಸಿ. 1967ರಲ್ಲಿ ವೈದ್ಯೆ ಸಿಸಿಲಿ ಸಾಂಡರ್ಸ್ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೊಫರ್ಸ್ ಹಾಸ್ಪಿಸ್ (ಕೊನೆಗಾಲದ ರೋಗಿಗಳ ಆರೈಕೆ ಕೇಂದ್ರ) ತೆರೆದಾಗಲೇ ಮನೆಯವರನ್ನೂ ಆರೈಕೆಯ ಲೆಕ್ಕಕ್ಕೆ ಹಿಡಿದಿದ್ದರು.

ಹತ್ತು ಸೆಷನ್‌ಗಳ ಪ್ಯಾಕೇಜ್ ಮುಂಗಡ ಕೊಳ್ಳುವುದು ನನ್ನ ಮಟ್ಟಿಗೆ ಸಲ್ಲದು. ರೋಗಿಗೆ ಉಳಿದಿರುವುದು ಕೆಲವೇ ವಾರಗಳಿರಬಹುದು. ಸತ್ತ ಮೇಲಿನ ದುಃಖಕ್ಕೆ ಎಲ್ಲರಿಗೂ ಸಮಾಲೋಚಕರು ಬೇಕಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಕೂಡ ದೀರ್ಘಕಾಲದ ಶೋಕವನ್ನು ಕಾಯಿಲೆ ಎಂದು ಗುರುತಿಸಲು ಕನಿಷ್ಠ 6 ತಿಂಗಳು ಕಾಯುತ್ತದೆ. ಅಷ್ಟರೊಳಗೆ ನಿದ್ದೆ, ಊಟ ಪೂರ್ತಿ ಕೆಟ್ಟರೆ ಅಥವಾ ಬದುಕೇ ಬೇಡವೆಂಬ ಮಾತು ಬಂದರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ. ಪ್ಯಾಕೇಜ್ ಆಗಲೇ ಕೊಂಡಿದ್ದರೆ, ಉಳಿದ ಸೆಷನ್‌ಗಳ ಹಣ ವಾಪಸ್ಸೋ, ಮನೆಯ ಬೇರೆಯವರಿಗೆ ವರ್ಗವಾಗುವುದೋ ಎಂದು ಇವತ್ತೇ ಕೇಳಿ.