ಹಿಮದ ಅರಮನೆ ಕಟ್ಟಿದಾಗ ಶಾಖ ಎಲ್ಲಿಗೆ ಹೋಯಿತು?

ಹಿಮದ ಮಾಯಾಲೋಕದ ಚಿತ್ರಗಳನ್ನು ಕಲಬುರಗಿಯ ಮಕ್ಕಳಷ್ಟು ಆಸೆಯಿಂದ ನೋಡುವವರು ಇರಲಾರರು. ಹೊರಗೆ 42 ಡಿಗ್ರಿ ಬಿಸಿಲು ಸುಡುತ್ತಿರುವಾಗ ಕೂಲರಿಗೆ ನೀರು ತುಂಬಿಸಿ ಟಿ.ವಿ. ಮುಂದೆ ಕುಳಿತರೆ, ತೆರೆಯ ಮೇಲೆ ರಾಣಿಯೊಬ್ಬಳು ಕೈ ಚಾಚುತ್ತಾಳೆ, ಕಡಲು ಹೆಪ್ಪುಗಟ್ಟುತ್ತದೆ, ಬೆಟ್ಟದ ನೆತ್ತಿಯಲ್ಲಿ ಹಿಮದ ಅರಮನೆ ಏಳುತ್ತದೆ. ರಾಣಿಗೆ ಮಾಯಾಶಕ್ತಿ ಇರುವುದಕ್ಕೆ ನನ್ನ ತಕರಾರಿಲ್ಲ. ಕಥೆಗಾರನಿಗೆ ಅಷ್ಟು ಸ್ವಾತಂತ್ರ್ಯ ಬೇಕೇಬೇಕು. ಆದರೆ ಚಳಿ ಎಂಬುದು ಒಂದು ವಸ್ತು, ಅದನ್ನು ಕೈಯಿಂದ ಎರಚಬಹುದು ಎಂಬ ಕಲ್ಪನೆ ನೋಡುವವರ ತಲೆಯಲ್ಲಿ ಉಳಿದುಬಿಡುತ್ತದೆ, ತೊಂದರೆ ಇರುವುದು ಅಲ್ಲಿ. ಅಂಥ ವಸ್ತು ಯಾವುದೂ ಇಲ್ಲ. ನೀರು ಮಂಜುಗಡ್ಡೆಯಾಗಬೇಕಾದರೆ ಅದರೊಳಗಿನ ಶಾಖ ಹೊರಗೆ ಬರಬೇಕು, ಹೊರಬಂದ ಶಾಖ ಎಲ್ಲಿಗಾದರೂ ಹೋಗಲೇಬೇಕು.

ಸೊನ್ನೆ ಡಿಗ್ರಿಯಲ್ಲಿರುವ ಒಂದು ಕಿಲೋ ನೀರು ಅದೇ ಸೊನ್ನೆ ಡಿಗ್ರಿಯ ಮಂಜುಗಡ್ಡೆಯಾಗುವಾಗ 334 ಕಿಲೋಜೂಲ್ ಶಾಖವನ್ನು ಬಿಟ್ಟುಕೊಡುತ್ತದೆ. ಮಾಳಿಗೆಯ ಮೇಲಿನ ಸಾವಿರ ಲೀಟರಿನ ತೊಟ್ಟಿ ಹೆಪ್ಪುಗಟ್ಟಿದರೆ ಸುಮಾರು 93 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಹೊರಬೀಳುತ್ತದೆ ಎಂದಾಯಿತು. 2013ರ ‘ಫ್ರೋಜನ್’ ಚಿತ್ರದಲ್ಲಿ ಜುಲೈ ತಿಂಗಳಿನಲ್ಲಿ ಕಡಲ ಕೊಲ್ಲಿಯೇ ಹೆಪ್ಪುಗಟ್ಟುತ್ತದೆ. ಒಂದೇ ಒಂದು ಚದರ ಕಿಲೋಮೀಟರಿನಲ್ಲಿ ಹತ್ತು ಸೆಂಟಿಮೀಟರ್ ದಪ್ಪದ ಮಂಜುಗಡ್ಡೆ ಕಟ್ಟಿತೆಂದು ಇಟ್ಟುಕೊಂಡರೂ ಹೊರಬರುವ ಶಾಖ ಸುಮಾರು 85 ಲಕ್ಷ ಯೂನಿಟ್. ನಮ್ಮ ಪಕ್ಕದ ರಾಯಚೂರಿನ 1,720 ಮೆಗಾವಾಟ್ ಶಾಖೋತ್ಪನ್ನ ಕೇಂದ್ರದ ಎಂಟೂ ಘಟಕಗಳು ಪೂರ್ಣ ಸಾಮರ್ಥ್ಯದಲ್ಲಿ ಐದು ಗಂಟೆ ಓಡಿದರೆ ಅಷ್ಟು ವಿದ್ಯುತ್ ಸಿಗುತ್ತದೆ. ಇನ್ನು ಗಾಳಿಯಲ್ಲಿರುವ ಆವಿಯಿಂದಲೇ ಅರಮನೆ ಕಟ್ಟುವುದಾದರೆ ಲೆಕ್ಕ ಮತ್ತೂ ದುಬಾರಿ, ಏಕೆಂದರೆ ಆವಿ ನೇರವಾಗಿ ಹಿಮವಾಗುವಾಗ ಪ್ರತಿ ಕಿಲೋಗೆ ಸುಮಾರು 2,830 ಕಿಲೋಜೂಲ್ ಹೊರಬರುತ್ತದೆ. ಫ್ರಿಜ್ಜಿನ ಒಳಗೆ ಐಸು ಕಟ್ಟುತ್ತಿರುವಾಗ ಅದರ ಹಿಂಬದಿಗೆ ಕೈ ಹಿಡಿದು ನೋಡಿದವರಿಗೆ ಈ ಮಾತು ಹೊಸದಲ್ಲ. ರಾಣಿಯ ಬೆನ್ನ ಹಿಂದೆಯೂ ಇಂಥದೇ ಬಿಸಿಗಾಳಿ ಬೀಸಬೇಕಿತ್ತು, ಅದು ಊರನ್ನೇ ಬೇಯಿಸುವಷ್ಟು ಬಿಸಿಯಾಗಿರಬೇಕಿತ್ತು.

ಹಳೆಯ ಚಿತ್ರಗಳವರು ಈ ವಿಷಯದಲ್ಲಿ ಒಮ್ಮೊಮ್ಮೆ ಹೆಚ್ಚು ಪ್ರಾಮಾಣಿಕರಾಗಿದ್ದರು. 1937ರ ‘ಲಾಸ್ಟ್ ಹೊರೈಜನ್’ ಚಿತ್ರದ ಹಿಮದ ದೃಶ್ಯಗಳನ್ನು ಲಾಸ್ ಏಂಜಲಿಸ್‌ನ ಒಂದು ಕೋಲ್ಡ್ ಸ್ಟೋರೇಜಿನೊಳಗೆ ಚಿತ್ರೀಕರಿಸಿದ್ದರಿಂದ ನಟರ ಉಸಿರು ನಿಜವಾಗಿಯೂ ಬಿಳಿಯ ಹಬೆಯಾಗಿ ಕಾಣುತ್ತದೆ. ಎಲ್ಲರೂ ಅಷ್ಟು ಕಷ್ಟಪಡಲಿಲ್ಲ. ಹತ್ತಿ, ಉಪ್ಪು, ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್, ಎಲ್ಲವೂ ಹಿಮದ ವೇಷ ತೊಟ್ಟವು; ಹತ್ತಿಗೆ ಬೆಂಕಿಯ ಭಯವೆಂದು ಕೆಲವರು ಕಲ್ನಾರನ್ನೇ (ಆಸ್ಬೆಸ್ಟಾಸ್) ಉದುರಿಸಿದರು. ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುವ ಆ ನಾರು ನಟರ ಕೂದಲಿನ ಮೇಲೆ ಬಿದ್ದದ್ದನ್ನು ನೆನೆದರೆ, ಗಣಕಯಂತ್ರದಲ್ಲಿ ಹುಟ್ಟುವ ಇಂದಿನ ಹಿಮವೇ ಸಾವಿರ ಪಾಲು ಮೇಲು.

ಹೆಪ್ಪುಗಟ್ಟುವಾಗ ನೀರು ಬಿಟ್ಟುಕೊಡುವ, ಕರಗುವಾಗ ಹಿಮ ಹೀರಿಕೊಳ್ಳುವ ಈ ಶಾಖಕ್ಕೆ ಗುಪ್ತೋಷ್ಣ ಎಂದು ಹೆಸರು. ಅದನ್ನು ಮೊದಲು ಅಳೆದು ವಿವರಿಸಿದವರಲ್ಲಿ ಪ್ರಮುಖನು ಸ್ಕಾಟ್ಲೆಂಡಿನ ವಿಜ್ಞಾನಿ ಜೋಸೆಫ್ ಬ್ಲ್ಯಾಕ್. 1760ರ ದಶಕದಲ್ಲಿ ಗ್ಲಾಸ್ಗೋದಲ್ಲಿ ಪಾಠ ಮಾಡುತ್ತಿದ್ದ ಆತನ ವಾದ ಸರಳವಾಗಿತ್ತು: ಹಿಮ ಕರಗುವುದಕ್ಕೆ ಇಷ್ಟೊಂದು ಶಾಖ ಬೇಡವಾಗಿದ್ದರೆ, ವಸಂತದಲ್ಲಿ ಉಷ್ಣಾಂಶ ಸೊನ್ನೆಯನ್ನು ದಾಟಿದ ಕೂಡಲೇ ಬೆಟ್ಟದ ಹಿಮವೆಲ್ಲ ಒಮ್ಮೆಲೇ ನೀರಾಗಿ ಭೀಕರ ಪ್ರವಾಹ ಉಂಟಾಗಬೇಕಿತ್ತು. ಹಾಗೆ ಆಗುವುದಿಲ್ಲ, ಹಿಮ ವಾರಗಟ್ಟಲೆ ನಿಧಾನವಾಗಿ ಕರಗುತ್ತದೆ. ಪ್ರೀತಿಯ ಬಲದಿಂದ ಕ್ಷಣಾರ್ಧದಲ್ಲಿ ಚಳಿಗಾಲ ಮುಗಿದು ಹೂವರಳುವ, ‘ಫ್ರೋಜನ್’ ಚಿತ್ರದ ಕೊನೆಯ ದೃಶ್ಯವನ್ನು ಬ್ಲ್ಯಾಕ್ ನೋಡಿದ್ದರೆ, ಮೊದಲು ಆ ಊರಿನವರನ್ನು ಎತ್ತರದ ಜಾಗಕ್ಕೆ ಓಡಿರೆಂದು ಕೂಗುತ್ತಿದ್ದನೇನೋ.

ಇದೆಲ್ಲ ದೂರದ ಶೀತದೇಶದ ಮಾತು, ನಮಗೇನು ಎಂದುಕೊಳ್ಳಬೇಕಾಗಿಲ್ಲ. ಕಲಬುರಗಿ, ಬೀದರ, ಯಾದಗಿರಿಗಳ ಮೇಲೆಯೂ ಹಿಮ ಬೀಳುತ್ತದೆ, ಆದರೆ ನೆಲವನ್ನು ಮುಟ್ಟುವುದಿಲ್ಲ. ಮಳೆಗಾಲದಲ್ಲಿಯೂ ಇಲ್ಲಿಂದ ಸುಮಾರು ಐದು ಕಿಲೋಮೀಟರ್ ಮೇಲಕ್ಕೆ ಹೋದರೆ ಉಷ್ಣಾಂಶ ಸೊನ್ನೆಗೆ ಇಳಿದಿರುತ್ತದೆ. ಅದಕ್ಕಿಂತ ಎತ್ತರಕ್ಕೆ ಬೆಳೆದ ಗುಡುಗು ಮೋಡದ ತಲೆಯಲ್ಲಿ ಆವಿಯು ಹಿಮದ ಹರಳಾಗುತ್ತದೆ, ಆ ಹರಳುಗಳು ಕೆಳಗಿಳಿಯುತ್ತಾ ಕರಗಿ, ನಮ್ಮ ಹೊಲಗಳಿಗೆ ಬರುವ ಹೊತ್ತಿಗೆ ದಪ್ಪ ಮಳೆಹನಿಗಳಾಗಿರುತ್ತವೆ. ಎಲ್ಲ ಮಳೆಯೂ ಹೀಗೆ ಹುಟ್ಟುವುದಿಲ್ಲ, ತಗ್ಗಿನ ಮೋಡಗಳು ಹಿಮದ ನೆರವಿಲ್ಲದೆಯೇ ಸುರಿಯಬಲ್ಲವು. ಆದರೆ ಸಿಡಿಲು ಹೊಡೆಯಿತೆಂದರೆ ಮೋಡದೊಳಗೆ ಮಂಜುಗಡ್ಡೆ ಇದೆಯೆಂದು ಬಹುಮಟ್ಟಿಗೆ ಖಚಿತವಾಗಿ ಹೇಳಬಹುದು. ಹಿಮದ ಹರಳುಗಳೂ ಮೆತ್ತನೆಯ ಹಿಮದುಂಡೆಗಳೂ ಒಂದಕ್ಕೊಂದು ಡಿಕ್ಕಿ ಹೊಡೆದು ವಿದ್ಯುದಾವೇಶ ಬೇರ್ಪಡುವುದೇ ಮಿಂಚಿನ ಮೂಲ. ಚಿತ್ರದಲ್ಲಿ ಕಾಣೆಯಾದ ಶಾಖ ಇಲ್ಲಿ ಕಾಣೆಯಾಗುವುದಿಲ್ಲ: ಆವಿ ಹನಿಯಾದಾಗ, ಹನಿ ಹೆಪ್ಪುಗಟ್ಟಿದಾಗ ಹೊರಬಿದ್ದ ಬಿಸಿಯು ಸುತ್ತಲಿನ ಗಾಳಿಯನ್ನು ಹಗುರಗೊಳಿಸಿ ಮೋಡವನ್ನು ಇನ್ನೂ ಮೇಲಕ್ಕೆ ತಳ್ಳುತ್ತದೆ. ಮಧ್ಯಾಹ್ನ ಸಣ್ಣದಾಗಿದ್ದ ಮೋಡ ಸಂಜೆಯ ಹೊತ್ತಿಗೆ ಹತ್ತು ಕಿಲೋಮೀಟರಿಗೂ ಮಿಕ್ಕಿ ಬೆಳೆಯುವುದು ಈ ಶಾಖದಿಂದ.

ಇಷ್ಟಾದರೂ ಆಳಂದದ ಕಡೆಯೋ ಬಸವಕಲ್ಯಾಣದ ಕಡೆಯೋ ಬೇಸಿಗೆಯಲ್ಲಿ ಆಲಿಕಲ್ಲು ಸುರಿದು ಹೊಲ ಬೆಳ್ಳಗಾದರೆ ಸಾಕು, ‘ನಮ್ಮಲ್ಲಿ ಹಿಮಪಾತ, ಕಾಶ್ಮೀರವಾಯಿತು’ ಎಂಬ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ಜೊತೆಗೆ ಅದು ದೈವದ ಮುನಿಸೆಂಬ ವ್ಯಾಖ್ಯಾನವೂ ಬರುತ್ತದೆ. ನಿಂತ ಜೋಳ ಮಲಗಿ, ಮಾವಿನ ಕಾಯಿ ಉದುರಿ ಕುಳಿತ ರೈತನಿಗೆ ಮುನಿಸಿನ ಕಥೆಗಿಂತ ಮೋಡದ ಮುನ್ಸೂಚನೆ ಹೆಚ್ಚು ಉಪಯೋಗದ್ದು. ಹಿಮ ಆವಿಯಿಂದ ಹರಳುಗಟ್ಟಿ ಹಗುರಾಗಿ ಇಳಿಯುವಂಥದ್ದು. ಆಲಿಕಲ್ಲಾದರೋ ಸೊನ್ನೆಗಿಂತ ಕೆಳಗಿನ ಉಷ್ಣಾಂಶದಲ್ಲಿಯೂ ದ್ರವವಾಗಿಯೇ ಉಳಿದ ನೀರಹನಿಗಳನ್ನು ಮೈಗೆ ಅಂಟಿಸಿಕೊಂಡು ಬೆಳೆದ ಗಟ್ಟಿ ಉಂಡೆ.

ದೊಡ್ಡದೊಂದು ಆಲಿಕಲ್ಲನ್ನು ಕರಗುವ ಮೊದಲೇ ಎರಡು ಹೋಳು ಮಾಡಿ ನೋಡಿದರೆ ಬಿಳಿಯ ಪದರಗಳೂ ಗಾಜಿನಂಥ ಪದರಗಳೂ ಕಾಣುತ್ತವೆ. ಅಂಟಿದ ನೀರು ಸ್ವಲ್ಪವೇ ಇದ್ದಾಗ ಅದರ ಶಾಖ ತಕ್ಷಣ ಗಾಳಿಗೆ ಹೋಗಿ, ಒಳಗಿನ ಗುಳ್ಳೆಗಳು ಹೊರಬರುವ ಮೊದಲೇ ಹೆಪ್ಪುಗಟ್ಟಿದ ಭಾಗ ಬಿಳಿ. ನೀರು ಬಹಳವಾಗಿ ಅಂಟಿ, ಗುಪ್ತೋಷ್ಣವನ್ನು ಅಷ್ಟು ಬೇಗ ಹೊರಹಾಕಲಾಗದೆ, ಮೈಯೆಲ್ಲ ಒದ್ದೆಯಾಗಿದ್ದು ನಿಧಾನವಾಗಿ ಗಟ್ಟಿಯಾದ ಭಾಗ ಪಾರದರ್ಶಕ.