ಕ್ಯಾನ್ಸರ್ ಹೋಯಿತು, ಆದರೆ ಕೈ ಯಾಕೆ ಮೇಲೇಳುತ್ತಿಲ್ಲ?

ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗಿ, ಕೀಮೋ ಮುಗಿದು, ರೇಡಿಯೇಷನ್ ಮುಗಿದು, ರಿಪೋರ್ಟ್ ಎಲ್ಲ ಚೆನ್ನಾಗಿ ಬಂದ ಮೇಲೂ ಎಷ್ಟೋ ಹೆಂಗಸರಿಗೆ ಒಂದು ತೊಂದರೆ ಉಳಿದುಬಿಡುತ್ತದೆ. ಕೈ ಎತ್ತಿದರೆ ಎದೆ ಎಳೆಯುತ್ತದೆ. ಜಡೆ ಹಾಕಿಕೊಳ್ಳಲು ಆಗುವುದಿಲ್ಲ. ಆ ಮಗ್ಗುಲಿಗೆ ಮಲಗಲು ಆಗುವುದಿಲ್ಲ. ಮನೆಯಲ್ಲಿ ಹೇಳಿಕೊಂಡರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ಜೀವ ಉಳಿಯಿತಲ್ಲ, ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡ." ಪ್ರೀತಿಯಿಂದಲೇ ಹೇಳುವ ಮಾತು ಅದು. ಆದರೆ ಅದನ್ನು ನಾಲ್ಕು ಸಲ ಕೇಳಿಸಿಕೊಂಡವರು ಮುಂದೆ ಡಾಕ್ಟರ ಹತ್ತಿರವೂ ಬಾಯಿ ಬಿಡುವುದಿಲ್ಲ.

ಇದು ಭ್ರಮೆ ಅಲ್ಲ, ಅಪರೂಪವೂ ಅಲ್ಲ. ಡೆನ್ಮಾರ್ಕ್‌ನಲ್ಲಿ ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ಸುಮಾರು ಎರಡು ವರ್ಷ ಕಳೆದಿದ್ದ 3253 ಹೆಂಗಸರನ್ನು ವಿಚಾರಿಸಿ, ಅದರ ಫಲಿತಾಂಶವನ್ನು 2009ರಲ್ಲಿ ಪ್ರಕಟಿಸಿದರು. ಅವರಲ್ಲಿ ಶೇ. 47 ಮಂದಿಗೆ ಇನ್ನೂ ನೋವಿತ್ತು. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ! ಆ ನೋವಿಗೆಲ್ಲ ಕಾರಣ ಒಂದೇ ಅಂತಲ್ಲ. ಆದರೆ ಒಂದು ದೊಡ್ಡ ಕಾರಣದ ಬಗ್ಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಒಳಗಿನ ಪದರಗಳು ಒಂದಕ್ಕೊಂದು ಅಂಟಿಕೊಳ್ಳುವುದೇ ಆ ಕಾರಣ.

ನಮ್ಮ ಎದೆಯಲ್ಲಿ ಚರ್ಮ, ಅದರಡಿ ಕೊಬ್ಬು, ಆಮೇಲೆ ಫೇಸಿಯಾ ಅನ್ನುವ ತೆಳ್ಳನೆಯ ಪೊರೆ, ಅದರ ಕೆಳಗೆ ಎದೆಯ ದೊಡ್ಡ ಸ್ನಾಯು, ಕೊನೆಗೆ ಪಕ್ಕೆಲುಬು. ಈ ಪದರಗಳು ಒಂದರ ಮೇಲೊಂದು ಸಲೀಸಾಗಿ ಜಾರುತ್ತವೆ. ಕೈ ಎತ್ತುವಾಗ ಕೆಳಗೆ ಸ್ನಾಯು ಉದ್ದವಾಗುತ್ತದೆ, ಮೇಲೆ ಚರ್ಮ ಸರಿದು ಜಾಗ ಕೊಡುತ್ತದೆ. ಪೂರ್ತಿ ಸ್ತನ ತೆಗೆದಾಗ ನಡುವಿನ ಪದರಗಳೇ ಹೋಗುತ್ತವೆ. ತೆಳುವಾದ ಚರ್ಮ ನೇರವಾಗಿ ಸ್ನಾಯುವಿನ ಮೇಲೆ ಕೂರುತ್ತದೆ. ಅಲ್ಲಿ ಸೇರುವ ದ್ರವ ಹೊರಗೆ ಬರಲಿ ಅಂತಲೇ ಡ್ರೇನ್ ಟ್ಯೂಬ್ ಹಾಕುವುದು, ಯಾಕೆಂದರೆ ಆ ಎರಡೂ ಪದರ ಸ್ವಲ್ಪವಾದರೂ ಅಂಟಿಕೊಂಡರೆ ತಾನೇ ಗಾಯ ಮಾಯುವುದು. ತೊಂದರೆ ಶುರುವಾಗುವುದು ಆ ಅಂಟು ಜಾಸ್ತಿಯಾದಾಗ, ಬೇಡದ ಕಡೆಗೂ ಹರಡಿದಾಗ.

ಗಾಯವಾದ ಜಾಗಕ್ಕೆ ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳು ಬಂದು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳನ್ನು ಹಾಸುತ್ತವೆ. ಒಳ್ಳೆಯ ಚರ್ಮದಲ್ಲಿ ಈ ಎಳೆಗಳು ಅಡ್ಡ, ಉದ್ದ, ಓರೆ ಅಂತ ಎಲ್ಲ ದಿಕ್ಕಿಗೂ ಹೆಣೆದುಕೊಂಡಿರುತ್ತವೆ, ಹಾಗಾಗಿ ಯಾವ ಕಡೆ ಎಳೆದರೂ ಹಿಗ್ಗುತ್ತವೆ. ಗಾಯದ ಕಲೆಯಲ್ಲಿ ಅವು ಒಂದೇ ದಿಕ್ಕಿಗೆ ಒತ್ತಾಗಿ ಸಾಲುಗಟ್ಟುತ್ತವೆ, ಹಿಗ್ಗುವುದು ಕಡಿಮೆ. 1971ರಲ್ಲಿ ಗಬ್ಬಿಯಾನಿ ಮತ್ತು ಸಂಗಡಿಗರು ಇನ್ನೊಂದು ವಿಷಯ ಕಂಡುಕೊಂಡರು. ಗಾಯದಲ್ಲಿರುವ ಕೆಲವು ಫೈಬ್ರೊಬ್ಲಾಸ್ಟ್‌ಗಳು ಸ್ನಾಯುವಿನ ಹಾಗೆಯೇ ಸಂಕುಚಿಸಬಲ್ಲವು! ಇವುಗಳಿಗೆ ಮಯೋಫೈಬ್ರೊಬ್ಲಾಸ್ಟ್ ಅಂತ ಹೆಸರು. ಗಾಯದ ಅಂಚುಗಳನ್ನು ಎಳೆದು ಬಾಯಿ ಮುಚ್ಚಿಸುವುದು ಇವುಗಳ ಕೆಲಸ, ಅದು ಬೇಕೇ ಬೇಕು. ಆದರೆ ಕೆಲಸ ಮುಗಿದ ಮೇಲೂ ಇವು ಸಾಯದೆ ಉಳಿದರೆ ಎಳೆಯುತ್ತಲೇ ಇರುತ್ತವೆ. ಎದೆ ಬಿಗಿದ ಹಾಗಾಗುತ್ತದೆ ಅಂತ ಹೆಂಗಸರು ಹೇಳುವುದು ಸುಮ್ನೆ ಅಲ್ಲ, ಒಳಗೆ ನಿಜಕ್ಕೂ ಬಿಗಿಯುತ್ತಿರುತ್ತದೆ. ಹೊರಗೆ ಹೊಲಿಗೆ ಒಣಗಿದ ಮೇಲೂ ಒಳಗಿನ ಕಲೆ ಬಲಿಯುವುದು, ಬದಲಾಗುವುದು ಒಂದು ವರ್ಷದವರೆಗೆ, ಕೆಲವರಲ್ಲಿ ಇನ್ನೂ ಹೆಚ್ಚು ಕಾಲ ನಡೆಯುತ್ತದೆ.

ಇದರ ಜೊತೆಗೆ ಕಂಕುಳಿನ ಕತೆ ಬೇರೆಯೇ ಇದೆ. ನನ್ನ ಸೋದರತ್ತೆಗೆ ಕಂಕುಳಿನ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆದಿದ್ದರು. ಆಪರೇಷನ್ ಆಗಿ ಕೆಲವು ವಾರ ಕಳೆದಿತ್ತು. ಒಗೆದ ಬಟ್ಟೆ ಒಣಹಾಕಲು ಕೈ ಎತ್ತಿದವರು ಅರ್ಧಕ್ಕೇ ನಿಲ್ಲಿಸಿ ನನ್ನನ್ನು ಕರೆದರು, "ಇಲ್ಲಿ ನೋಡೇ, ಏನಿದು?" ಕಂಕುಳಿನಿಂದ ಮೊಣಕೈವರೆಗೂ ಚರ್ಮದಡಿ ವೀಣೆಯ ತಂತಿ ಬಿಗಿದ ಹಾಗೆ ಒಂದು ಗೆರೆ ಎದ್ದು ನಿಂತಿತ್ತು. ಕೈ ಇಳಿಸಿದರೆ ಮಾಯ, ಎತ್ತಿದರೆ ಮತ್ತೆ ಹಾಜರು. ಕ್ಯಾನ್ಸರ್ ಕೈಗೂ ಇಳಿಯಿತು ಅಂತ ಅವರು ಹೆದರಿಹೋಗಿದ್ದರು, ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಇಂಗ್ಲಿಷಿನಲ್ಲಿ ಇದನ್ನು ಕಾರ್ಡಿಂಗ್ ಅನ್ನುತ್ತಾರೆ. ಅಮೆರಿಕದ ವೈದ್ಯರು 2001ರಲ್ಲಿ ಇದನ್ನು ವಿವರವಾಗಿ ದಾಖಲಿಸಿ, ಆಕ್ಸಿಲರಿ ವೆಬ್ ಸಿಂಡ್ರೋಮ್ ಎಂಬ ಹೆಸರು ಕೊಟ್ಟರು. ಕತ್ತರಿಸಿಹೋದ ದುಗ್ಧನಾಳಗಳು, ಅವುಗಳ ಸುತ್ತಲಿನ ಅಂಗಾಂಶ ಗಟ್ಟಿಯಾಗಿ ಹೀಗಾಗುತ್ತದೆ ಅನ್ನುವುದು ಈಗಿನ ತಿಳಿವಳಿಕೆ. ಹೆಚ್ಚಿನವರಲ್ಲಿ ಕೆಲವು ತಿಂಗಳಲ್ಲಿ ಸಡಿಲವಾಗುತ್ತದೆ, ಕೆಲವರಲ್ಲಿ ಉಳಿದುಕೊಳ್ಳುತ್ತದೆ. ಆಸ್ಪತ್ರೆಯಿಂದ ಕಳಿಸುವಾಗ "ಹೀಗೊಂದು ಗೆರೆ ಕಾಣಿಸಬಹುದು, ಹೆದರಬೇಡಿ, ಬಂದು ತೋರಿಸಿ" ಅಂತ ಒಂದು ಮಾತು ಹೇಳಿದ್ದರೆ ಆ ಎರಡು ರಾತ್ರಿ ಉಳಿಯುತ್ತಿತ್ತು, ಅಲ್ವಾ?

ಉರಿ, ಚುಚ್ಚು, ಕರೆಂಟ್ ಹೊಡೆದಂಥ ನೋವು, ತೋಳಿನ ಒಳಭಾಗ ಜೋಮು ಹಿಡಿದಂತಾಗುವುದು ನರದ ಲಕ್ಷಣ. ಕಂಕುಳಿನ ಮೂಲಕ ಹಾದು ತೋಳಿನ ಒಳಬದಿಗೆ ಸ್ಪರ್ಶ ಜ್ಞಾನ ಕೊಡುವ ಒಂದು ನರ ಈ ಆಪರೇಷನ್‌ನಲ್ಲಿ ಕತ್ತರಿಸಿಹೋಗಬಹುದು, ಎಳೆದಂತಾಗಬಹುದು, ಇಲ್ಲವೇ ಆಮೇಲೆ ಕಲೆಯಲ್ಲಿ ಸಿಕ್ಕಿಕೊಳ್ಳಬಹುದು. ಇಂಥ ನೋವಿಗೆ ಮಾಮೂಲಿ ನೋವಿನ ಮಾತ್ರೆ ಅಷ್ಟಾಗಿ ಕೆಲಸ ಮಾಡುವುದಿಲ್ಲ, ನರದ ನೋವಿಗೇ ಬೇರೆ ಔಷಧಿಗಳಿವೆ. ಹಾಗಾಗಿ ಡಾಕ್ಟರಿಗೆ "ನೋವು" ಅಂತಷ್ಟೇ ಹೇಳಿದರೆ ಸಾಲದು. ಎಳೆತವೋ, ಉರಿಯೋ, ಮುಟ್ಟಿದರೆ ಬರುತ್ತದೋ, ಕೈ ಎತ್ತಿದರೆ ಬರುತ್ತದೋ ಅಂತ ಬಿಡಿಸಿ ಹೇಳಬೇಕು.

ರೇಡಿಯೇಷನ್ ಪಡೆದವರಲ್ಲಿ ಈ ಬಿಗಿತ ಜಾಸ್ತಿ, ತಡವಾಗಿಯೂ ಬರುತ್ತದೆ. ಸ್ತನದ ಜಾಗದಲ್ಲಿ ಇಂಪ್ಲಾಂಟ್ ಇಡಿಸಿಕೊಂಡವರಿಗೆ ಮತ್ತೊಂದು ಸಮಸ್ಯೆ. ಹೊರಗಿನ ವಸ್ತು ಒಳಗೆ ಬಂದರೆ ದೇಹ ಅದರ ಸುತ್ತ ಒಂದು ಕವಚ ಕಟ್ಟುತ್ತದೆ. ಎಲ್ಲರಲ್ಲೂ ಆಗುವುದೇ ಅದು. ಆ ಕವಚ ಕುಗ್ಗತೊಡಗಿದರೆ ಮಾತ್ರ ಕಷ್ಟ. ಇದನ್ನು ಬೇಕರ್ ಪಟ್ಟಿಯಲ್ಲಿ 4 ಹಂತವಾಗಿ ಅಳೆಯುತ್ತಾರೆ: 1ನೇ ಹಂತದಲ್ಲಿ ಮೆತ್ತಗಿರುತ್ತದೆ, 3ರಲ್ಲಿ ಗಟ್ಟಿಯಾಗಿ ಆಕಾರ ಕೆಡುತ್ತದೆ, 4ರಲ್ಲಿ ನೋವು. ಹೊಟ್ಟೆಯ ಅಥವಾ ಬೆನ್ನಿನ ಅಂಗಾಂಶ ತೆಗೆದು ಸ್ತನ ಕಟ್ಟಿದರೆ ಈ ಕವಚದ ಕಾಟ ಇಲ್ಲ, ಆದರೆ ತೆಗೆದ ಜಾಗದಲ್ಲೂ ಕಲೆ ಇರುತ್ತದೆ, ಅಲ್ಲಿಯೂ ಎಳೆಯಬಹುದು.

ಇನ್ನು ಪರಿಹಾರ. ಮನೆಯಲ್ಲಿ ಎಲ್ಲರೂ ಹೇಳುವುದು "ಆ ಕೈ ಅಲ್ಲಾಡಿಸಬೇಡ" ಅಂತ. ಮೊದಲ ಕೆಲವು ದಿನ ಜೋಪಾನ ಮಾಡುವುದು ಸರಿ. ತಿಂಗಳುಗಟ್ಟಲೆ ಹಾಗೇ ಇಟ್ಟುಕೊಂಡರೆ ಪದರಗಳು ಇನ್ನಷ್ಟು ಅಂಟಿಕೊಳ್ಳುತ್ತವೆ, ಭುಜವೂ ಹಿಡಿದುಕೊಳ್ಳುತ್ತದೆ. ಬ್ರಿಟನ್ನಿನ 17 ಕೇಂದ್ರಗಳಲ್ಲಿ 392 ಹೆಂಗಸರ ಮೇಲೆ ನಡೆಸಿದ ಪ್ರಾಸ್ಪರ್ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಆಪರೇಷನ್ ಆದ 7ರಿಂದ 10 ದಿನದಲ್ಲೇ ಫಿಸಿಯೋಥೆರಪಿಸ್ಟ್ ನೋಡಿ ವ್ಯಾಯಾಮ ಶುರುಮಾಡಿಸಿದವರ ಕೈ, ಬರೀ ಸಲಹೆಯ ಕರಪತ್ರ ಕೊಟ್ಟು ಕಳಿಸಿದವರಿಗಿಂತ ಒಂದು ವರ್ಷದ ಹೊತ್ತಿಗೆ ಚೆನ್ನಾಗಿ ಕೆಲಸ ಮಾಡುತ್ತಿತ್ತು, ನೋವೂ ಕಡಿಮೆಯಿತ್ತು. ಭಾರ ಎತ್ತಿದರೆ ಕೈ ಊದುತ್ತದೆ ಅನ್ನುವ ಭಯವೂ ಬಹಳ ಜನಕ್ಕಿದೆ. ಆಗಲೇ ಕೈ ಊದಿಕೊಂಡಿದ್ದ 141 ಹೆಂಗಸರಿಗೆ ನಿಧಾನವಾಗಿ, ತರಬೇತಿಯಲ್ಲಿ ತೂಕ ಎತ್ತಿಸಿದ ಅಮೆರಿಕದ ಅಧ್ಯಯನವೊಂದು 2009ರಲ್ಲಿ ಬಂತು. ಅದರಲ್ಲಿ ಊತ ಹೆಚ್ಚಾಗಲಿಲ್ಲ.

ಹಳೆಯ ಬಿಗಿತಕ್ಕೂ ದಾರಿ ಇದೆ. ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತ ಕೈ ಮೇಲಕ್ಕೆ ಒಯ್ಯುವುದು, ಮಲಗಿಕೊಂಡು ಎರಡೂ ಕೈಯಲ್ಲಿ ಕೋಲು ಹಿಡಿದು ತಲೆಯ ಹಿಂದಕ್ಕೆ ತರುವುದು, ಇವೆಲ್ಲ ನೋಡಲು ಸಣ್ಣ ಕೆಲಸ, ದಿನಾ ಮಾಡಿದರೆ ಫಲ ಕೊಡುತ್ತವೆ. ಗಾಯ ಪೂರ್ತಿ ಒಣಗಿದ ಮೇಲೆ, ಸರ್ಜನ್ ಒಪ್ಪಿದ ಮೇಲೆ, ಕಲೆಯ ಮೇಲೆ ಬೆರಳಿಟ್ಟು ಚರ್ಮವನ್ನು ಆಚೀಚೆ, ಮೇಲೆ ಕೆಳಗೆ ಮೆಲ್ಲಗೆ ಸರಿಸುವ ಮಸಾಜನ್ನೂ ಕಲಿಸುತ್ತಾರೆ. ಎಣ್ಣೆ ಸವರಿ ಮೇಲೆಮೇಲೆ ಉಜ್ಜಿದರೆ ಅದು ಆಗುವುದಿಲ್ಲ, ಚರ್ಮ ಕೆಳಗಿನ ಪದರದ ಮೇಲೆ ಜಾರಬೇಕು. ಮಸಾಜ್ ಬಗ್ಗೆ ಆಗಿರುವ ಅಧ್ಯಯನಗಳು ಚಿಕ್ಕವು, ನನಗೆ ವ್ಯಾಯಾಮದ ಮೇಲೇ ಹೆಚ್ಚು ನಂಬಿಕೆ.

ಒಂದು ಎಚ್ಚರಿಕೆ ಮಾತ್ರ ದಯವಿಟ್ಟು ನೆನಪಿಡಿ. ನೋವು ಅಂದ ಕೂಡಲೇ ಶಾಖ ಕೊಡುವುದು ನಮ್ಮ ರೂಢಿ. ಆಪರೇಷನ್ ಆದ ಜಾಗದಲ್ಲಿ ಸ್ಪರ್ಶವೇ ಸರಿಯಾಗಿ ಗೊತ್ತಾಗುವುದಿಲ್ಲ, ಬಿಸಿನೀರಿನ ಚೀಲ ಸುಡುತ್ತಿದ್ದರೂ ತಿಳಿಯುವುದಿಲ್ಲ, ಚರ್ಮ ಬೊಬ್ಬೆ ಎದ್ದ ಮೇಲೇ ಗೊತ್ತಾಗುವುದು. ಹಾಗೆಯೇ ಜಾಗ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ಹೊಸ ಗಂಟು ಕೈಗೆ ಸಿಕ್ಕರೆ, ಕೈ ಇದ್ದಕ್ಕಿದ್ದಂತೆ ಊದಿದರೆ ಅದನ್ನು ಹಳೆಯ ಬಿಗಿತ ಅಂದುಕೊಂಡು ಕಾಯಬೇಡಿ.

ಇಷ್ಟಕ್ಕೂ ಬಗ್ಗದಿದ್ದರೆ ಮತ್ತೆ ಆಪರೇಷನ್ ಮಾಡಿ ಅಂಟು ಬಿಡಿಸುವುದು, ಕವಚ ತೆಗೆಯುವುದು, ಕಲೆಯಡಿ ಸ್ವಂತ ಕೊಬ್ಬು ತುಂಬುವುದು ಇದೆ. ಆದರೆ ಸರ್ಜನ್‌ಗಳು ಇದಕ್ಕೆ ಹಿಂದೆಮುಂದೆ ನೋಡುತ್ತಾರೆ. ಹೊಸದಾಗಿ ಕೊಯ್ದರೆ ಹೊಸ ಕಲೆಯೂ ಆಗುತ್ತದಲ್ಲ.

ನಮ್ಮ ಸೋದರತ್ತೆಯ ಫಾಲೋಅಪ್‌ನಲ್ಲಿ ನಾನೂ ಜೊತೆಗೆ ಕೂತಿದ್ದೆ. ರಕ್ತ ಪರೀಕ್ಷೆ ನೋಡಿದರು, ಸ್ಕ್ಯಾನ್ ನೋಡಿದರು, "ಎಲ್ಲ ಚೆನ್ನಾಗಿದೆ" ಅಂದರು. ಕೈ ಎತ್ತಿ ತೋರಿಸಿ ಅಂತ ಯಾರೂ ಕೇಳಲಿಲ್ಲ. ಅವರು ಕೇಳದಿದ್ದರೆ ನೀವೇ ಎತ್ತಿ ತೋರಿಸಿ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಎಳೆಯುತ್ತದೆ ಅಂತ ಹೇಳಿ, ಫಿಸಿಯೋಥೆರಪಿಗೆ ಚೀಟಿ ಬರೆಸಿಕೊಂಡೇ ಎದ್ದು ಬನ್ನಿ. ಆಪರೇಷನ್ ಆಗಿ ವರ್ಷಗಳೇ ಕಳೆದಿದ್ದರೂ ಸರಿ.