ಝಾರ್‌ನನ್ನು ಇಳಿಸಿದ್ದು ಲೆನಿನ್ ಅಲ್ಲ

ಒಂಬತ್ತನೇ ಕ್ಲಾಸಿನ ಇತಿಹಾಸದ ಪೇಪರ್ ತಿದ್ದುವಾಗ ಪ್ರತಿ ವರ್ಷ ಈ ಸಾಲು ಸಿಕ್ಕೇ ಸಿಗುತ್ತದೆ: ‘1917ರ ಅಕ್ಟೋಬರ್‌ನಲ್ಲಿ ಲೆನಿನ್ ಝಾರ್‌ನನ್ನು ಕೆಳಗಿಳಿಸಿದನು.’ ಚೆನ್ನಾಗಿ ಓದುವ ಮಕ್ಕಳೂ ಹೀಗೇ ಬರೆಯುತ್ತಾರೆ. ನನಗೆ ನಿಜಕ್ಕೂ ಸಂಕಟವಾಗುತ್ತದೆ.

ರಷ್ಯಾದ ಝಾರ್, ಅಂದರೆ ಚಕ್ರವರ್ತಿ, ಎರಡನೇ ನಿಕೋಲಸ್ ಸಿಂಹಾಸನ ಬಿಟ್ಟದ್ದು ಆ ವರ್ಷದ ಮಾರ್ಚ್‌ನಲ್ಲಿ. ಆಗ ಲೆನಿನ್ ಇದ್ದದ್ದು ದೂರದ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. ಆಗಿನ ರಾಜಧಾನಿ ಪೆಟ್ರೋಗ್ರಾಡ್‌ನ ಬಟ್ಟೆ ಮಿಲ್ಲುಗಳ ಹೆಂಗಸರು ಮಹಿಳಾ ದಿನದಂದು ಕೆಲಸ ನಿಲ್ಲಿಸಿ, ಬ್ರೆಡ್ ಬೇಕೆಂದು ಬೀದಿಗಿಳಿದರು. ಬೇರೆ ಕಾರ್ಖಾನೆಯವರೂ ಸೇರಿಕೊಂಡರು. ಗುಂಡು ಹಾರಿಸಲು ಬಂದ ಸೈನಿಕರೇ ಕೊನೆಗೆ ಜನರ ಕಡೆ ಬಂದರು. ಮುನ್ನೂರು ವರ್ಷದ ರಾಜಮನೆತನ ಒಂದು ವಾರದಲ್ಲಿ ಮುಗಿಯಿತು.

ಅಕ್ಟೋಬರ್‌ನಲ್ಲಿ ಲೆನಿನ್ ಪಕ್ಷದವರಾದ ಬೋಲ್ಷೆವಿಕ್ಕರು ಉರುಳಿಸಿದ್ದು ಝಾರ್ ಇಳಿದ ಮೇಲೆ ಬಂದ ತಾತ್ಕಾಲಿಕ ಸರ್ಕಾರವನ್ನು. ಝಾರ್ ಆ ಹೊತ್ತಿಗೆ ಸೈಬೀರಿಯಾದ ತೊಬೋಲ್‌ಸ್ಕ್‌ನಲ್ಲಿ ಬಂಧಿ.

ಝಾರ್ ಇಳಿದ ಘಟನೆಗೆ ಫೆಬ್ರವರಿ ಕ್ರಾಂತಿ ಎಂದು ಹೆಸರು; ಅದು ಮಾರ್ಚ್‌ನಲ್ಲಿ ಹೇಗಾಯಿತು ಅಂತ ಮಕ್ಕಳು ಕೇಳುತ್ತಾರೆ. ರಷ್ಯಾದ ಹಳೇ ಕ್ಯಾಲೆಂಡರ್ 13 ದಿನ ಹಿಂದಿತ್ತು, ಅಷ್ಟೇ. ಅಕ್ಟೋಬರ್ ಕ್ರಾಂತಿಯೂ ಈಗಿನ ಕ್ಯಾಲೆಂಡರ್ ಪ್ರಕಾರ ನವೆಂಬರ್‌ನಲ್ಲಾದದ್ದು.

ತಲೆ ಕೆಡಿಸಿಕೊಳ್ಳಬೇಕಾದ್ದು ಎರಡು ಕ್ರಾಂತಿಗಳ ನಡುವಿನ ಎಂಟು ತಿಂಗಳ ಬಗ್ಗೆ. ಹೊಸ ಸರ್ಕಾರ ಮೊದಲನೇ ಮಹಾಯುದ್ಧದಿಂದ ಹಿಂದೆ ಸರಿಯಲಿಲ್ಲ. ಜಮೀನಿನ ಪ್ರಶ್ನೆಯನ್ನು ಸಂವಿಧಾನ ಸಭೆ ಸೇರಲಿ ಎಂದು ಮುಂದಕ್ಕೆ ಹಾಕಿತು. ರೈತರು ಕಾಯಲಿಲ್ಲ, ಜಮೀನ್ದಾರರ ಹೊಲಗಳಿಗೆ ತಾವೇ ನುಗ್ಗಿದರು. ಸೈನಿಕರು ರಣರಂಗ ಬಿಟ್ಟು ಊರಿನ ದಾರಿ ಹಿಡಿದರು. ಏಪ್ರಿಲ್‌ನಲ್ಲಿ ವಾಪಸ್ ಬಂದ ಲೆನಿನ್ ಹೇಳುತ್ತಿದ್ದದ್ದೂ ಇದನ್ನೇ: ಯುದ್ಧ ಸಾಕು, ಭೂಮಿ ರೈತರಿಗೆ. ಅಕ್ಟೋಬರ್‌ಗೆ ಇದೊಂದೇ ಕಾರಣ ಎನ್ನಲಾರೆ. ಅದು ಜನರ ಕ್ರಾಂತಿಯೋ, ಒಂದು ಪಕ್ಷ ಅಧಿಕಾರ ಕಿತ್ತುಕೊಂಡದ್ದೋ ಎಂದು ಇತಿಹಾಸಕಾರರು ಇನ್ನೂ ವಾದಿಸುತ್ತಿದ್ದಾರೆ. ಆದರೆ ಈ ಎಂಟು ತಿಂಗಳು ಗೊತ್ತಿಲ್ಲದೆ ಆ ವಾದದ ತಲೆಬುಡ ಅರ್ಥವಾಗುವುದಿಲ್ಲ.

ಒಮ್ಮೆ ಒಬ್ಬರು ತಂದೆ ಬಂದು, ‘ಇದನ್ನೆಲ್ಲ ಓದಿಸಿ ಮಕ್ಕಳನ್ನ ಕಮ್ಯುನಿಸ್ಟ್ ಮಾಡ್ತೀರಾ ಸರ್?’ ಎಂದು ಕೇಳಿದರು. ಪಾಪ, ಮಗಳ ಮೇಲಿನ ಕಾಳಜಿ. ಅಕ್ಟೋಬರ್ ಆದ ಮೇಲೆ ನಡೆದ ಸಂವಿಧಾನ ಸಭೆಯ ಚುನಾವಣೆಯ ಕತೆ ಹೇಳಿದೆ. ಬೋಲ್ಷೆವಿಕ್ಕರಿಗೆ ಬಂದದ್ದು ಸುಮಾರು ಕಾಲು ಭಾಗ ಮತ. ಹೆಚ್ಚು ಮತ ಪಡೆದದ್ದು ಸಮಾಜವಾದಿ ಕ್ರಾಂತಿಕಾರಿಗಳ ಪಕ್ಷ. 1918ರ ಜನವರಿಯಲ್ಲಿ ಆ ಸಭೆ ಒಮ್ಮೆ ಸೇರಿತು, ಮರುದಿನವೇ ಲೆನಿನ್ ಸರ್ಕಾರ ಅದನ್ನು ವಿಸರ್ಜಿಸಿತು. ಇದೂ ಪಾಠವೇ, ಅಲ್ವಾ?

ಮನೆಯಲ್ಲಿ ಮಗು ಈ ಪಾಠ ಓದುತ್ತಿದ್ದರೆ ಒಂದೇ ಪ್ರಶ್ನೆ ಕೇಳಿ: ಝಾರ್ ಇಳಿದ ಮೇಲೆ ಆಳಿದ್ದು ಯಾರು? ತಾತ್ಕಾಲಿಕ ಸರ್ಕಾರದ ಮುಖ್ಯಸ್ಥರು: ಮೊದಲು ಲ್ವೋವ್, ಜುಲೈಯಿಂದ ಕೆರೆನ್‌ಸ್ಕಿ. ಈ ಎರಡು ಹೆಸರು ಬಂದರೆ ಮುಂದಿನ ಪುಟಕ್ಕೆ ಹೋಗಬಹುದು.